ಅಪ್ಪನ ಜಾಗದಲ್ಲಿ ಯಂತ್ರ

ನಮ್ಮ ಕಚೇರಿಯಲ್ಲಿ ಒಂದು ವಿಚಿತ್ರ ಕೆಲಸವಿದೆ. ಮನುಷ್ಯರು ಮಾಡಿದ ಅಪಘಾತಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸುತ್ತೇವೆ. ಅದೇ ರಸ್ತೆ, ಅದೇ ವೇಗ. ಚಾಲಕ ಮಾತ್ರ ಬೇರೆ. ಅವನ ಜಾಗದಲ್ಲಿ ತಾನೇ ಓಡುವ ನಮ್ಮ ಕಾರನ್ನು ಇಟ್ಟು, ಅದು ಗುದ್ದುತ್ತದೋ ನಿಲ್ಲುತ್ತದೋ ನೋಡುತ್ತೇವೆ. ಹೆಚ್ಚಿನ ಸಲ ನಿಲ್ಲುತ್ತದೆ. ಆಗ ನಮ್ಮ ಮೇಲಧಿಕಾರಿ ಬಡ್ತಿ ಸಿಕ್ಕವರಂತೆ ಹಿಗ್ಗುತ್ತಾರೆ. ಸತ್ತವರು ಎದ್ದು ಬರುವುದಿಲ್ಲ ಎಂಬುದು ಅವರಿಗೆ ನೆನಪಿರುವುದಿಲ್ಲ.

ಅಪ್ಪ ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿದವರು. ಹೋದ ವರ್ಷ, ನಿಂತಿದ್ದ ಬಸ್ಸಿನ ಮರೆಯಿಂದ ಲಾರಿಯೊಂದು ಅವರ ಕಾರಿಗೆ ಅಡ್ಡ ನುಗ್ಗಿತು. ಪಕ್ಕದ ಸೀಟಿನಲ್ಲಿದ್ದ ಅಮ್ಮ ಅಲ್ಲೇ ಹೋದಳು. ತಪ್ಪು ಲಾರಿಯದೆಂದು ಪೊಲೀಸರೇ ಹೇಳಿದರೂ ಅಪ್ಪ ಒಪ್ಪಲಿಲ್ಲ. ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾ ಇರುತ್ತಾರೆ, ಮೇಜಿನ ಕೆಳಗೆ ಬಲಗಾಲು ಬ್ರೇಕ್ ಒತ್ತುತ್ತಿರುತ್ತದೆ.

"ನಿಮ್ಮ ಯಂತ್ರಾನ ನನ್ನ ಜಾಗದಲ್ಲಿ ಕೂರಿಸಿ ನೋಡಮ್ಮ," ಎಂದು ಒಂದು ದಿನ ಕೇಳಿದರು. "ಅದರ ಕೈಲೂ ಆಗ್ಲಿಲ್ಲ ಅಂದ್ರೆ, ನನ್ನ ಕೈಲಿ ಏನಿತ್ತು ಅಂದ್ಕೋತೀನಿ."

ಅಪ್ಪನ ಕಾರಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಗುದ್ದೇ ಗುದ್ದುತ್ತದೆ ಎಂಬ ಧೈರ್ಯದಲ್ಲಿ ನಡೆಸಿದೆ. ಹಾಳು ಯಂತ್ರ, ಬಸ್ಸಿನಡಿಯಿಂದಲೇ ಲಾರಿಯ ಚಕ್ರ ಕಂಡು ಮೆತ್ತಗೆ ನಿಂತಿತು. ಮತ್ತೆ ನಡೆಸಿದೆ, ಮತ್ತೆ ನಿಂತಿತು. ಒಂದು ಕಾರು ಗುದ್ದಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾದಿದ್ದರು.

"ಅದೂ ಗುದ್ದಿತು ಅಪ್ಪ," ಎಂದೆ.

ಅವರು ಗೋಡೆ ಹಿಡಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಹೊಟ್ಟೆ ತುಂಬ ಉಂಡರು. ಇಂಥ ಸುಳ್ಳನ್ನು ದಿನಾ ಬೇಕಾದರೂ ಹೇಳುತ್ತೇನೆ ಅನ್ನಿಸಿತು.

ಬೆಳಿಗ್ಗೆ ನೋಡಿದರೆ, ಅಪ್ಪ ಗಡ್ಡ ಬೋಳಿಸಿಕೊಂಡು ನನ್ನ ಕಾರಿನ ಕೀ ಹಿಡಿದು ನಿಂತಿದ್ದಾರೆ. ದಿನಾ ನನ್ನ ಮಗಳನ್ನು ಸ್ಕೂಲಿಗೆ ಒಯ್ಯುವ, ನಮ್ಮ ಕಂಪನಿಯ ಚಾಲಕನಿಲ್ಲದ ಕಾರು ಆಗಲೇ ಹೊರಗೆ ಬಂದಿತ್ತು.

"ಅದನ್ನ ವಾಪಸ್ ಕಳಿಸು. ಇವತ್ತಿಂದ ಇವಳನ್ನ ನಾನೇ ಬಿಡ್ತೀನಿ. ಅದೂ ನನ್ನಷ್ಟೇ ತಾನೆ?"

ಹೂಂ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು, "ನಾನು ಅಜ್ಜನ ಪಕ್ಕ, ಮುಂದೇನೇ ಕೂರೋದು," ಎಂದು ಹಟ ಹಿಡಿದಳು.

"ಅಪ್ಪ, ನಾನು ಸುಳ್ಳು ಹೇಳ್ದೆ," ಎಂದೆ. "ಅದು ನಿಂತಿತು."

ಅಪ್ಪ ಕೀಯನ್ನು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಜಾಗ ಬಿಟ್ಟು?"

"ಒಂದು ಕಾರು ಹಿಡಿಯೋಷ್ಟು."

ಅವರು ಮೊಮ್ಮಗಳ ಕೈ ಹಿಡಿದು ಹೊರಗೆ ನಡೆದರು. ಚಾಲಕನಿಲ್ಲದ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ, ತಾವೇ ಬೆಲ್ಟ್ ಹಾಕಿ, ಎಳೆದು ನೋಡಿದರು.

"ಅಜ್ಜ, ನೀನೂ ಬಾ."

"ಬೇಡ ಕಂದ. ಇದರಲ್ಲಿ ನಿನ್ನ ಅಜ್ಜಿ ಕೂರಬೇಕಿತ್ತು," ಎಂದು ಬಾಗಿಲು ಮುಚ್ಚಿದರು.