ಪಡಸಾಲೆ ಕಿಟಕಿಯ ಪರದೆ

ಗುಲಾಮ್ ಮೊಹಿದ್ದೀನ್ ಸಾಬರನ್ನು ಮಣ್ಣು ಮಾಡಿ, ಮೂರನೆಯ ದಿನದ ಫಾತಿಹಾ ಓದಿಸಿ, ನೆಂಟರಿಷ್ಟರೆಲ್ಲ ಮಧುಗಿರಿ ಬಸ್ಸು ಹತ್ತಿಕೊಂಡು ಹೋದ ಮೇಲೆ ಶಿರಾದ ಆ ಮನೆಯಲ್ಲಿ ಮೂವರು ಉಳಿದರು. ಸತ್ತವರ ಹೆಂಡತಿ ಅಖ್ತರ್ ಬೇಗಂ, ತಮ್ಮ ಅಹಮದ್ ಷರೀಫ್, ಮತ್ತು ಮೇಲುಸ್ತುವಾರಿಗೆಂದು ಪಕ್ಕದ ಬೀದಿಯಿಂದ ಬಂದು ಬೀಡುಬಿಟ್ಟಿದ್ದ ಅಣ್ಣತಮ್ಮಂದಿರ ಸೋದರತ್ತೆ ಗುಲ್ಷನ್ ಬೀ.

ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಆ ಮನೆಯ ಕಸುಬು. ಅಣ್ಣ ತಿದಿ ಒತ್ತಿದರೆ ತಮ್ಮ ತವರ ಸವರುತ್ತಿದ್ದ; ಕಳ್ಳಂಬೆಳ್ಳ, ಮಿಡಿಗೇಶಿ, ಕೊರಟಗೆರೆ ಎಂದು ಊರೂರು ತಿರುಗಿ ಇಬ್ಬರೂ ಒಟ್ಟಿಗೇ ಮನೆಗೆ ಮರಳುತ್ತಿದ್ದರು. ಅಣ್ಣ ಎದೆ ಹಿಡಿದುಕೊಂಡು ಕುಸಿದ ಗಳಿಗೆಯಿಂದ ಈವರೆಗೆ ಅಹಮದನಿಗೆ ಅಳು ಬಂದಿರಲಿಲ್ಲ. ವರ್ಷಗಟ್ಟಲೆ ಬೆಂಕಿಯ ಮುಂದೆ ಕೂತವನ ಬೆರಳಿಗೆ ಬಿಸಿ ತಗುಲಿದರೆ ಒಂದು ಕ್ಷಣ ತಡವಾಗಿ ತಿಳಿಯುತ್ತದೆ. ಅವನು ಆ ಕ್ಷಣದೊಳಗೇ ಕೂತುಬಿಟ್ಟಂತಿದ್ದ.

"ಏನ್ಲಾ ಅಹಮದು, ಇಂಗೆ ಕಂಬಕ್ಕೊರಗಿ ಕೂತ್ರೆ ಆಯ್ತಾ?" ಎಂದಳು ಗುಲ್ಷನ್ ಬೀ. "ಪೇಟೆಗೋಗಿ ಕಿಟಕಿಗೆ ಬಟ್ಟೆ ತಗೊಂಬಾ. ನಿನ್ನ ಭಾಬಿ ಇದ್ದತ್ ಕೂತವ್ಳೆ. ನೀನು ಅವಳಿಗೆ ಪರಪುರುಷ ಕಣ್ಲಾ."

ಗಂಡ ತೀರಿಕೊಂಡ ಹೆಣ್ಣು ನಾಲ್ಕು ತಿಂಗಳಿಗೂ ಮೀರಿ ಮನೆಯೊಳಗೇ ಉಳಿದು, ಪರಗಂಡಸರ ಕಣ್ಣಿಗೆ ಬೀಳದೆ ಕಳೆಯಬೇಕಾದ ಕಾಲವೇ ಇದ್ದತ್. ಗಂಡನ ತಮ್ಮನೂ ಆ ಲೆಕ್ಕದಲ್ಲಿ ಪರಗಂಡಸೇ. ಅಹಮದನಿಗೆ ಈ ಮಾತು ಗೊತ್ತಿಲ್ಲದ್ದೇನಲ್ಲ. ಆದರೆ ಅವನನ್ನು ಹೆತ್ತ ತಾಯಿ ಹೆರಿಗೆಯಲ್ಲೇ ಕಣ್ಣುಮುಚ್ಚಿದಾಗ, ಅಣ್ಣನ ಕೈಹಿಡಿದು ಬಂದಿದ್ದ ಹದಿನಾರರ ಹುಡುಗಿ ಅಖ್ತರ್ ಬೇಗಂ ಆ ಹಸುಗೂಸನ್ನು ಮಡಿಲಿಗೆ ಹಾಕಿಕೊಂಡಿದ್ದಳು. ಅವನ ತಲೆಗೆ ಎಣ್ಣೆ ತಟ್ಟಿದ ಕೈ, ಕೆನ್ನೆಗೆ ಬಿಗಿದ ಕೈ, ಜ್ವರ ಬಂದಾಗ ಹಣೆ ಒತ್ತಿದ ಕೈ, ಎಲ್ಲವೂ ಒಂದೇ. ಪರದೆಯ ಮಾತು ಈ ಮನೆಯಲ್ಲಿ ಎಂದೂ ಎದ್ದಿರಲಿಲ್ಲ.

ಅವಳ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದು ಬೀದಿಗಲ್ಲ, ಪಡಸಾಲೆಗೆ ತೆರೆದುಕೊಂಡಿತ್ತು. ಪಡಸಾಲೆಯಲ್ಲಿ ಅಹಮದನ ಹಾಸಿಗೆ, ಸಾಮಾನು, ಕೆಲಸ. ಕದ ಮುಚ್ಚಿದರೆ ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ತೆರೆದರೆ ಅವನಿದ್ದಾನೆ. ಆದ್ದರಿಂದ ಬಟ್ಟೆ ಬೇಕಾಗಿತ್ತು.

ಜವಳಿ ಅಂಗಡಿಯ ನಾಗಲಿಂಗಯ್ಯ ಹಣೆಯ ವಿಭೂತಿಯ ಕೆಳಗಿಂದ ಅವನನ್ನು ನೋಡಿ, ರೂಢಿಯಂತೆ ನಾಲಿಗೆ ಹರಿಬಿಟ್ಟ.

"ಕೈ ತೊಳ್ಕೊಂಬಾರಯ್ಯ ಷರೀಫು. ನೀನು ಮುಟ್ಟಿದ್ರೆ ನನ್ನ ಬಟ್ಟೆಗೂ ಕಲಾಯಿ ಆಗೋಯ್ತದೆ."

ಅಂದವನಿಗೆ ಸಾವಿನ ನೆನಪಾಗಿ ಮುಖ ಸಣ್ಣದಾಯಿತು. "ತಪ್ಪು ತಿಳ್ಕೋಬ್ಯಾಡಪ್ಪ, ಬಾಯಿ ಅಭ್ಯಾಸ. ಏನು ಬೇಕು?"

"ಕಿಟಕಿಗೆ ಪರದೆ, ಸಾವ್ಕಾರ್ರೆ."

ನಾಗಲಿಂಗಯ್ಯ ಮೂರು ಥಾನು ಬಟ್ಟೆ ಇಳಿಸಿದ. ಮೊದಲನೆಯದು ಬಿಳಿ ಮಲ್ಲು. ಬೆರಳಿಟ್ಟರೆ ಬೆರಳು ಕಾಣುವಷ್ಟು ತೆಳು. ಎರಡನೆಯದು ಹಳದಿಯ ಮೇಲೆ ಕೆಂಪು ಹೂವಿನ ಚೀಟಿ ಬಟ್ಟೆ. ಮೂರನೆಯದು ಕಡುಹಸಿರು, ಒಂದು ಕೈಯಲ್ಲಿ ಎತ್ತಲಾರದಷ್ಟು ದಪ್ಪ.

"ತಾಲ್ಲೂಕು ಕಚೇರಿ ಬಾಗ್ಲಿಗೆ ಇದನ್ನೇ ಕೊಟ್ಟಿದ್ದು. ಅಮಲ್ದಾರ್ರು ಒಳಗೆ ಗೊರಕೆ ಹೊಡೆದ್ರೂ ಹೊರಗಿನೋರಿಗೆ ಸುಳಿವಿಲ್ಲ," ಎಂದು ನಾಗಲಿಂಗಯ್ಯ ತಗ್ಗಿದ ದನಿಯಲ್ಲಿ ಹೇಳಿದ.

ಅಹಮದ್ ಮೂರನ್ನೂ ನೋಡಿದ. ಹೂವಿನದು ಸೂತಕದ ಮನೆಗೆ ಸಲ್ಲದೆಂದು ತಿಳಿಯಿತು. ಮುಂದಕ್ಕೆ ಏನೂ ತಿಳಿಯಲಿಲ್ಲ. ಬೆರಳುಗಳು ಮಲ್ಲಿನ ಅಂಚನ್ನು ಹಿಡಿದಿದ್ದವು, ಅದು ನುಣುಪೋ ಒರಟೋ ಎಂಬುದನ್ನು ಅವು ಅವನಿಗೆ ಹೇಳಲಿಲ್ಲ.

"ಮನೇಗೆ ತಗೊಂಡೋಗಿ ತೋರ್ಸು. ನಿಮ್ಮ ಬೀದಿ ಹೆಂಗಸ್ರು ಯಾವತ್ತು ಅಂಗಡಿಗೆ ಬಂದವ್ರೆ? ಒಪ್ಪಿದ್ದನ್ನ ಇಟ್ಕೊಂಡು ಮಿಕ್ಕಿದ್ದು ತಂದ್ಕೊಡು," ಎಂದು ನಾಗಲಿಂಗಯ್ಯನೇ ಥಾನುಗಳನ್ನು ಕಟ್ಟಿ ಅವನ ಹೆಗಲಿಗೇರಿಸಿದ. ಶಿರಾದ ಜವಳಿ ವ್ಯಾಪಾರ ಮೊದಲಿಂದಲೂ ನಡೆಯುತ್ತಿದ್ದದ್ದು ಹೀಗೆಯೇ.

ಪಡಸಾಲೆಯ ಚಾಪೆಯ ಮೇಲೆ ಥಾನುಗಳನ್ನು ಉರುಳಿಸಿದಾಗ ಗುಲ್ಷನ್ ಬೀ ಮಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ಮೂಗುಬಟ್ಟು ಆಚೆಯಿಂದ ಸ್ಪಷ್ಟವಾಗಿ ಕಂಡಿತು.

"ಇದೇನ್ಲಾ, ಪರದೆಯೋ ಸೊಳ್ಳೆಪರದೆಯೋ? ಆ ದಪ್ಪ ಹಸಿರೇ ಸರಿ."

"ಅದು ಹಾಕಿದ್ರೆ ಭಾಬಿಗೆ ಒಳಗೆ ಕತ್ಲಾಗ್ತದೆ, ಫೂಫಿ."

"ಆಗ್ಲಿ. ಇದ್ದತ್ ಮುಗೀಲಿ, ಪಾವಗಡದಿಂದ ಅವಳ ತಮ್ಮ ಬಂದು ಕರ್ಕೊಂಡೋಯ್ತಾನೆ. ಅಲ್ಲಿ ಬೇಕಾದಷ್ಟು ಬೆಳಕೈತೆ."

ಅಹಮದ್ ತಲೆಯೆತ್ತಿದ. "ಕರ್ಕೊಂಡೋಗೋದ್ಯಾಕೆ?"

"ಗಂಡ ಇಲ್ಲ, ಮಕ್ಕಳಿಲ್ಲ. ಪ್ರಾಯದ ಮೈದುನನ ಜೊತೆ ಒಂದೇ ಸೂರಿನಡಿ ಇದ್ರೆ ಊರು ಸುಮ್ನಿರ್ತದಾ? ಮಾತಾಡಿ ಆಗೈತೆ ಬುಡು."

ಅವನ ಒಳಗೆ ಏನೋ ಅಲುಗಿತು. ನೋವೆಂದು ಹೇಳುವಷ್ಟು ಹರಿತವಿಲ್ಲದ್ದು; ದೂರದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಿನಂಥದು. ಅಣ್ಣ ಹೋದ. ಇನ್ನು ಇವಳೂ ಹೋದರೆ ಈ ಮನೆಯಲ್ಲಿ ತನ್ನ ಹೆಸರು ಹಿಡಿದು ಕೂಗುವವರು ಯಾರೂ ಉಳಿಯುವುದಿಲ್ಲ ಎಂಬುದು ಅವನಿಗೆ ಹೊಳೆಯಿತು.

"ಇದಕ್ಕೊಂದು ದಾರಿ ಇಲ್ವಾ, ಫೂಫಿ?"

ಗುಲ್ಷನ್ ಬೀ ಕೆಟ್ಟವಳಲ್ಲ. ಥಾನಿನ ಮೇಲೆ ಕೈಯಿಟ್ಟುಕೊಂಡು ಯೋಚಿಸಿದಳು. "ಒಂದೈತೆ. ನೀನು ಕೂಸಾಗಿದ್ದಾಗ ಅವಳು ನಿಂಗೆ ಎದೆಹಾಲು ಕುಡಿಸಿದ್ರೆ ನಮ್ಮ ಧರ್ಮದ ಲೆಕ್ಕದಲ್ಲಿ ನೀನು ಅವಳ ಮಗ. ಮಗನಿಗೆ ಪರದೆ ಇಲ್ಲ, ಪಾವಗಡಾನೂ ಇಲ್ಲ. ಆವಾಗ ನಾನು ಮಧುಗಿರೀಲಿದ್ದೆ, ನಂಗೊತ್ತಿಲ್ಲ. ಅವಳಿಗೂ ಆಗೊಂದು ಕೂಸಾಗಿ ಹೋಗಿತ್ತು ಅಂತ ಕೇಳಿದ್ದೆ. ಅವಳು ಹೌದು ಅಂದ್ರೆ ಸಾಕು, ಖಾಜಿ ಸಾಬರಿಗೆ ನಾನು ಹೇಳ್ತೀನಿ."

ಅರೆಮುಚ್ಚಿದ ಕಿಟಕಿಯ ಪಕ್ಕದ ಗೋಡೆಗೆ ಅಹಮದ್ ಬೆನ್ನು ಮಾಡಿ ನಿಂತ. ಒಳಗಿನವಳು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಆ ಮನೆಯಲ್ಲಿ ಮಾತು ಅಡಗಿಸುವಷ್ಟು ದಪ್ಪದ ಗೋಡೆ ಯಾವುದೂ ಇರಲಿಲ್ಲ.

"ಭಾಬಿ, ನಂಗೆ ಹಾಲು ಕುಡಿಸಿದ್ರಾ?"

ಒಳಗೆ ಅವಳು ಕಿಟಕಿಯ ಹತ್ತಿರಕ್ಕೆ ಸರಿದದ್ದು ಸೆರಗಿನ ಸದ್ದಿನಿಂದ ತಿಳಿಯಿತು. ಬಳೆಯ ಸದ್ದಿಲ್ಲ. ಬಳೆಗಳನ್ನು ಮೊದಲ ದಿನವೇ ತೆಗೆಸಿದ್ದರು.

"ಎದೆಗೆ ಹಾಕ್ಕೊಂಡಿದ್ದೆ," ಎಂದಳು ಅಖ್ತರ್ ಬೇಗಂ. ಅವಳ ದನಿ ನೀರು ಬತ್ತಿದ ಬಾವಿಯಿಂದ ಬಂದಂತಿತ್ತು. "ನೀನು ಬಾಯಿ ಹಾಕಿ ಹಾಕಿ ಅಳ್ತಿದ್ದೆ. ಆದ್ರೆ ಹಾಲಿರಲಿಲ್ಲ, ಅಹಮದು. ನನ್ನ ಕೂಸು ಹೋಗಿ ತಿಂಗಳ ಮೇಲಾಗಿತ್ತು. ಎದೆ ಒಣಗೋಗಿತ್ತು. ಹಿತ್ತಲ ಕಡೆ ಅಡವಯ್ಯನೋರ ಮನೆಯಿಂದ ಮೇಕೆ ಹಾಲು ತಂದು ಬತ್ತಿ ಅದ್ದಿ ಕುಡಿಸ್ತಿದ್ದೆ."

"ಒಂದು ತೊಟ್ಟು ಬಂದಿರಬೋದಲ್ಲ, ಭಾಬಿ."

"ಬಂದಿರಲಿಲ್ಲ."

"ಹೌದು ಅಂದ್ಬುಡು ಅಖ್ತರ್," ಎಂದಳು ಗುಲ್ಷನ್ ಬೀ, ತನಗೇ ಅಚ್ಚರಿಯಾಗುವಂತೆ. "ನೋಡಿದೋರು ಯಾರವ್ರೆ?"

"ಸತ್ತ ಮಗಳ ಪಾಲಿನ ಹಾಲು ಅದು, ಫೂಫಿ. ಅವಳಿಗೇ ಸಾಲದೆ ಹೋಯ್ತು. ಇದ್ದಿದ್ರೆ ಅವಳು ಬದುಕಿರ್ತಿದ್ಳು. ಇತ್ತು ಅಂತ ಹೆಂಗೆ ಹೇಳ್ಲಿ?"

ಗುಲ್ಷನ್ ಬೀ ಸೆರಗಿನಿಂದ ಮೂಗೊರೆಸಿಕೊಂಡು, "ಅಂಗಾದ್ರೆ ಅಡವಯ್ಯನ ಮೇಕೆಯೇ ನಿಮ್ಮಮ್ಮ ಕಣ್ಲಾ. ಅದರ ಮುಂದೆ ಹೆಂಗಾದ್ರೂ ಓಡಾಡು," ಎಂದಳು. ಅವಳೂ ನಗಲಿಲ್ಲ, ಅವನೂ ನಗಲಿಲ್ಲ.

ಅಹಮದ್ ಚಾಪೆಯ ಬಳಿ ಕೂತು ಹೂವಿನ ಥಾನನ್ನು ಸುತ್ತಿಟ್ಟ. ಮಲ್ಲನ್ನು ಗುಲ್ಷನ್ ಬೀಯ ಕೈಗೆ ಕೊಟ್ಟು, "ಇದನ್ನಾದ್ರೂ ಹಾಕಾಣ. ಭಾಬೀನೇ ಕೇಳು," ಎಂದ. ಗುಲ್ಷನ್ ಬೀ ಈ ಸಲ ಎದುರಾಡದೆ ಬಿಳಿಯದನ್ನೂ ಹಸಿರನ್ನೂ ಒಳಗೆ ಒಯ್ದಳು.

ಒಳಗೆ ಬಟ್ಟೆ ಬಿಚ್ಚುವ ಸರಬರ ಕೇಳಿಸಿತು. ಅಖ್ತರ್ ಬೇಗಂ ತೆಳುವಾದುದನ್ನು ಕಿಟಕಿಗೆ ಅಡ್ಡ ಹಿಡಿದು ನೋಡಿರಬೇಕು. ಕತ್ತಲ ಕೋಣೆಯಿಂದ ಬೆಳಕಿನ ಪಡಸಾಲೆಗೆ ಮಲ್ಲಿನ ಮೂಲಕ ನೋಡಿದರೆ ಕೂತವನ ಹುಬ್ಬೂ ಕಾಣುತ್ತದೆ. ಆ ಬಿಳುಪು ಕಿಟಕಿಯಲ್ಲಿ ಸ್ವಲ್ಪ ಹೊತ್ತು ಅಲುಗದೆ ನಿಂತಿತು. ಅಹಮದ್ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಬಿಳುಪು ಕೆಳಗಿಳಿಯಿತು.

"ಹಸಿರದ್ದೇ ಹಾಕು," ಎಂದಳು ಅವಳು.

"ಕತ್ಲಾಗ್ತದೆ, ಭಾಬಿ."

"ಆಗ್ಲಿ. ದಿನಾ ನಿನ್ನ ನೋಡ್ತಾ ಕೂತು, ಆಮೇಲೆ ಒಂದಿನ ಗಂಟು ಕಟ್ಟಿ ಎದ್ದೋಗು ಅಂದ್ರೆ ನನ್ನ ಕೈಲಾಗಲ್ಲ. ಈಗ್ಲಿಂದ್ಲೇ ರೂಢಿ ಆಗ್ಲಿ. ನಿಂಗೂ ಆಗ್ಲಿ."

ಗುಲ್ಷನ್ ಬೀ ಕಿಟಕಿಯ ಅಳತೆಗೆ ಕತ್ತರಿಸಿ, ಮೇಲಂಚನ್ನು ಮಡಿಚಿ ಹೊಲಿದು ತಂದಳು. ಅಹಮದ್ ಕಂಬಿ ತೂರಿಸಿ, ಚೌಕಟ್ಟಿನ ಎರಡು ಬದಿಗೂ ಮೊಳೆ ಹೊಡೆದ. ಬಟ್ಟೆ ಒಂದು ಕಡೆ ಸುಕ್ಕುಗಟ್ಟಿತು. ಅವನು ಎಳೆಯಲು ಕೈ ಚಾಚುವ ಮೊದಲೇ ಒಳಗಿನಿಂದ ಯಾರೋ ಕೆಳಗಿನ ಅಂಚನ್ನು ಹಿಡಿದು ಜಗ್ಗಿದರು, ಸುಕ್ಕು ಹೋಯಿತು. ಜಗ್ಗಿದ ಭಾರ ಬಟ್ಟೆಯುದ್ದಕ್ಕೂ ಹರಿದು ಅವನ ಬೆರಳಿಗೆ ಬಂದು ಮುಟ್ಟಿತು, ಬಿಟ್ಟುಹೋಯಿತು.

"ಭಾಬಿ, ಕತ್ಲಾಯ್ತಾ?"

ಹಸಿರು ಬಟ್ಟೆ ಅಲುಗಲಿಲ್ಲ. ಅವನು ಸುತ್ತಿಗೆ ಹಿಡಿದುಕೊಂಡೇ ಕಾದ. ಗುಲ್ಷನ್ ಬೀ ಕೋಣೆಯೊಳಕ್ಕೆ ಹೋಗಿ, ಅಲ್ಲಿಂದಲೇ ಕೂಗಿದಳು.

"ದೀಪ ಹಚ್ಕೊಂಡವ್ಳೆ. ನೀನು ನಿನ್ನ ಕೆಲಸ ನೋಡ್ಕೋಬೇಕಂತೆ."

ಹೊರಗೆ ಬೀದಿಯಲ್ಲಿ ಮಟಮಟ ಮಧ್ಯಾಹ್ನ. ಅಹಮದ್ ಸುತ್ತಿಗೆಯನ್ನು ಕೆಳಗಿಟ್ಟು, ಕಲಾಯಿಗೆ ಬಂದು ಬಿದ್ದಿದ್ದ ಹಂಡೆಯೊಂದನ್ನು ಎಳೆದುಕೊಂಡು ಅದರ ಒಳಮೈಯನ್ನು ಮರಳು ಹಾಕಿ ಉಜ್ಜತೊಡಗಿದ.