ಅಟ್ಟದ ಮೇಲೆ ಹದಿನಾಲ್ಕು ಜನ

“ಇನ್ನೂ ಒಬ್ಬರು ಹಿಡೀತಾರೆ, ಹತ್ತಿ ಹತ್ತಿ,” ಎಂದು ಪುಸ್ತಕದ ಬೈಂಡರ್ ಏಣಿಯ ಬುಡದಲ್ಲಿ ನಿಂತು ಕೂಗಿದ.

ಹತ್ತುತ್ತಿದ್ದವನು ಅವನ ಅಣ್ಣ. ಮನೆಯವರ ಬಾಯಲ್ಲಿ ಅವನ ಹೆಸರು ಗೂಡ್ಸ್. ತಡವಾಗಿ ಹೊರಡುತ್ತಿದ್ದ, ನಿಧಾನವಾಗಿ ಬರುತ್ತಿದ್ದ, ಬಂದಾಗ ನೆಲ ಅದುರುತ್ತಿತ್ತು. ಅವನು ಕಾಲಿಟ್ಟ ಒಂದೊಂದು ಮೆಟ್ಟಿಲೂ ನರಳಿ, ಅವನು ದಾಟಿದ ಮೇಲೆ ಉಸಿರು ಬಿಟ್ಟಿತು.

“ಹದಿನಾಲ್ಕು,” ಬೈಂಡರ್ ಎಣಿಸಿ ಮುಗಿಸಿದ. “ಅಲುಗಾಡಿತೇನೇ? ಹೇಳು.”

ಕೇಳಿದ್ದು ಅಕ್ಕನ ಮಗಳನ್ನು. ಅವಳು ಎಂಜಿನಿಯರ್. ಬೆಳಿಗ್ಗೆ ಟೇಪು ಹಿಡಿದು ಬಂದವಳು ಹೊಸ ಅಟ್ಟದ ಉದ್ದಗಲ, ಕಬ್ಬಿಣದ ದಪ್ಪ, ಕಂಬದಿಂದ ಕಂಬಕ್ಕಿರುವ ದೂರ ಎಲ್ಲ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಚದರ ಮೀಟರಿಗೆ ಇನ್ನೂರು ಕಿಲೋ, ಹೆಚ್ಚಿಲ್ಲ’ ಎಂದು ಬರೆದಿದ್ದಳು. ಮಾವನಿಗೆ ಆ ಕೊನೆಯ ಪದ ಹಿಡಿಸಿರಲಿಲ್ಲ. ಲೆಕ್ಕ ಇರುವುದು ಸುಣ್ಣದಲ್ಲಿ, ಅಟ್ಟ ಇರುವುದು ಕಬ್ಬಿಣದಲ್ಲಿ ಎಂಬುದು ಅವನ ವಾದ. ಅದಕ್ಕೇ ಮಧ್ಯಾಹ್ನದ ಊಟಕ್ಕೆ ಸೇರಿದ್ದ ನೆಂಟರನ್ನೆಲ್ಲ ಕೈ ತೊಳೆಯುವ ಮೊದಲೇ ಮೇಲೆ ಹತ್ತಿಸಿದ್ದ. ಹೊರಗೆ ಏಳು ಟನ್ ಕಾಗದ ಹೊತ್ತ ಲಾರಿ ನಿಂತಿತ್ತು.

ಅಟ್ಟದ ನಟ್ಟನಡುವಿಗೆ ಸರಿಯಾಗಿ ಕೆಳಗೆ, ಕಿಟಕಿಗೆ ಒತ್ತಿಕೊಂಡು ಬೈಂಡರನ ಹೆಂಡತಿಯ ಹೊಲಿಗೆ ಮೇಜಿತ್ತು. ಪುಸ್ತಕದ ಹಾಳೆಗಳನ್ನು ಅವಳು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಸೂಜಿಯ ಕಣ್ಣು ಕಾಣುವಷ್ಟು ಬೆಳಕು ಬೀಳುವ ಜಾಗ ಅದೊಂದೇ. ಏಳು ಟನ್ ಬರಬೇಕಾದದ್ದು ಅವಳ ತಲೆಯ ಮೇಲೆ.

“ಬೇಕಾದ್ರೆ ಆನೆ ನಿಲ್ಲಿಸಿ,” ಎಂದ ವೆಲ್ಡರ್. ಅಟ್ಟ ಕಟ್ಟಿದವನು ಅವನೇ. ಬೆಳಿಗ್ಗೆಯಿಂದ ಅದೇ ಆನೆಯನ್ನು ನಾಲ್ಕು ಸಲ ನಿಲ್ಲಿಸಿದ್ದ. “ಆನೆ ನಿಂತು ಕಿವಿ ಬೀಸಲಿ, ನನ್ನ ಅಟ್ಟ ಜಗ್ಗಲ್ಲ.”

ಎಂಜಿನಿಯರ್ ಮೇಲೆ ನೋಡಿದಳು. ಹದಿನಾಲ್ಕೂ ಜನ ಅಂಚಿಗೆ ಅಂಟಿಕೊಂಡು, ಸಾಧ್ಯವಾದವರು ಕಂಬದ ನೆತ್ತಿಯ ಮೇಲೇ ನಿಂತಿದ್ದರು. ನಡುವಿನ ಜಾಗ ಈಗಷ್ಟೇ ಒರೆಸಿದ ನೆಲದಂತೆ ಖಾಲಿ.

“ಮಾವ, ಇವರು ಅಟ್ಟದ ಮೇಲಿಲ್ಲ, ಕಂಬದ ಮೇಲಿದ್ದಾರೆ. ಎಲ್ಲರೂ ಮಧ್ಯಕ್ಕೆ ಬನ್ನಿ.”

ಯಾರೂ ಬರಲಿಲ್ಲ. ಒಬ್ಬ ಚಿಕ್ಕಮ್ಮನಿಗೆ ಅಲ್ಲೇ ಗಾಳಿ ಚೆನ್ನಾಗಿತ್ತು. ಇನ್ನೊಬ್ಬರಿಗೆ ಮಂಡಿನೋವು ಮರುಕಳಿಸಿತು.

“ನಾನು ಮಧ್ಯಕ್ಕೆ ಬಂದ್ರೆ, ಮಿಕ್ಕೋರು ಉರುಳ್ಕೊಂಡು ನನ್ನ ಹತ್ರಾನೇ ಬರ್ತಾರೆ,” ಎಂದ ಗೂಡ್ಸ್.

“ನೀವೆಲ್ಲ ಸೇರಿ ಒಂಬೈನೂರು ಕಿಲೋ, ದೊಡ್ಡ ಮಾವ. ಅಷ್ಟನ್ನ ತಡೆಯುತ್ತೆ, ಲೆಕ್ಕ ಹಾಕಿದ್ದೀನಿ. ಅತ್ತೆ, ನೀವು ಮಾತ್ರ ಎದ್ದು ಬಾಗಿಲ ಹತ್ರ ಬನ್ನಿ.”

ಮೇಜಿನ ಮುಂದಿನಿಂದ ಅತ್ತೆ ಎದ್ದಳು. ಅವಳ ಹೊಲಿಗೆ ದಾರವನ್ನೇ ಇಸಿದುಕೊಂಡು, ಅಟ್ಟದ ನಡುತೊಲೆಗೆ ಕಟ್ಟಿ, ತುದಿಗೆ ಅವಳದೇ ದೊಡ್ಡ ಕತ್ತರಿ ತೂಗಿಬಿಟ್ಟಳು ಎಂಜಿನಿಯರ್. ಕತ್ತರಿಗೂ ಮೇಜಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು. “ಅದು ಮೇಜು ಮುಟ್ಟಿದ್ರೆ ಹೇಳಿ ಅತ್ತೆ,” ಎಂದು ತಾನೇ ಏಣಿ ಹತ್ತಿ ಹೋಗಿ ಖಾಲಿ ಜಾಗದ ನಡುವೆ ನಿಂತಳು.

ಹುಡುಗಿಯೇ ನಿಂತ ಮೇಲೆ ಹಿರಿಯರು ಅಂಚಿನಲ್ಲಿರುವುದು ಹೇಗೆ? ಒಬ್ಬೊಬ್ಬರಾಗಿ ಬಂದರು, ಚಪ್ಪಲಿ ಕಳಚಿ, ತೂಕ ಕಡಿಮೆಯಾದೀತು ಎಂಬಂತೆ ಉಸಿರು ಹಿಡಿದು. ಕೊನೆಗೆ ಗೂಡ್ಸ್ ಬಂದ.

ಟಿಕ್.

ಸಣ್ಣ ಸದ್ದು. ಬಸ್ಸಿನಲ್ಲಾಗಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಇಲ್ಲಿ ಎಲ್ಲರಿಗೂ ಕೇಳಿಸಿತು, ಎಲ್ಲರೂ ಒಟ್ಟಿಗೇ ಏಣಿಯತ್ತ ನಡೆದರು. ಮಂಡಿನೋವಿನವರು ಮೊದಲು ಇಳಿದರು.

“ಮುಟ್ತು,” ಎಂದಳು ಅತ್ತೆ, ತೀರ ತಡವಾಗಿ.

ಜನ ಇಳಿದಂತೆ ಕತ್ತರಿ ಮತ್ತೆ ಮೇಲೆದ್ದಿತು. ವೆಲ್ಡರ್ ಅದನ್ನೇ ಕಾಯುತ್ತಿದ್ದ. “ನೋಡಿ, ಬಗ್ಗಿತು, ಎದ್ದಿತು. ಮರ್ಯಾದಸ್ಥ ಕಬ್ಬಿಣ.”

“ಒಂಬೈನೂರು ಕಿಲೋಗೆ ಎದ್ದಿತು,” ಎಂದಳು ಎಂಜಿನಿಯರ್ ಇಳಿಯುತ್ತಾ. “ಲಾರಿಯಲ್ಲಿ ಏಳು ಸಾವಿರ ಇದೆ. ಈ ಅಟ್ಟಕ್ಕೆ ಸಮನಾಗಿ ಹರಡಿದ್ರೂ ತಡೆಯೋದು ಎರಡು ಸಾವಿರದ ನಾನೂರು, ಅಷ್ಟೇ.”

“ಇರೋದು ಕಾಗದ ಕಣೇ,” ಎಂದ ಬೈಂಡರ್. ಮೇಜಿನ ಮೇಲಿನ ಒಂದು ಹಾಳೆ ತೆಗೆದು ಅಂಗೈಯಲ್ಲಿಟ್ಟು ಊದಿದ. ಹಾಳೆ ಹಾರಿ ಗೂಡ್ಸ್‌ನ ಹೊಟ್ಟೆಗೆ ತಾಗಿ ಬಿತ್ತು. “ಇದು ಯಾವ ಕಬ್ಬಿಣ ಬಗ್ಗಿಸುತ್ತೆ?”

“ಹನಿ ಹನಿ ಕೂಡಿದ್ರೆ ಹಳ್ಳ ಅಂತ ಚಿಕ್ಕಂದಿನಲ್ಲಿ ನಂಗೆ ಹೇಳಿಕೊಟ್ಟಿದ್ದು ನೀವೇ. ಹಾಳೆ ಹಾಳೆ ಕೂಡಿದ್ರೆ? ಒತ್ತಿ ಪೇರಿಸಿದ ಕಾಗದ ಹೆಚ್ಚುಕಡಿಮೆ ಮರದ ದಿಮ್ಮಿ ಇದ್ದ ಹಾಗೆ. ಜನರ ನಡುವೆ ಗಾಳಿ ಇರುತ್ತೆ ಮಾವ, ಕಾಗದದ ರೀಮಿನ ನಡುವೆ ಇರಲ್ಲ.” ಅವಳು ಮತ್ತೆ ಸೀಮೆಸುಣ್ಣ ತೆಗೆದು, ನೆಲದಿಂದ ಒಂದು ಗೇಣಿಗಿಂತ ತುಸು ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆದಳು. “ಅಟ್ಟದ ಮೇಲೆ ಇಷ್ಟೆತ್ತರ ಪೇರಿಸಬಹುದು.”

ಬೈಂಡರ್ ಬಗ್ಗಿ ಗೆರೆ ನೋಡಿದ. ಅದು ಅವನ ಮೊಣಕಾಲಿಗೂ ಬರಲಿಲ್ಲ.

“ಇಷ್ಟಕ್ಕೆ ಅಟ್ಟ ಯಾಕೆ ಬೇಕಿತ್ತು? ಮಂಚದ ಕೆಳಗೇ ತುರುಕ್ತಿದ್ದೆ.”

“ಓದಿದೋರು ಹಾಗೇ ಅಣ್ಣ, ಹೆದರಿಸ್ತಾರೆ,” ಎಂದ ವೆಲ್ಡರ್. “ಸೂರು ಮುಟ್ಟೋವರೆಗೂ ಪೇರಿಸಿ. ಜವಾಬ್ದಾರಿ ನಂದು. ಆನೆ ನಿಲ್ಲಿಸಿ.”

ಬೈಂಡರನಿಗೆ ಬೇಕಾದದ್ದು ಇಷ್ಟೇ. “ಕೇಳಿದ್ಯಾ? ಕಟ್ಟಿದೋನೇ ಹೇಳ್ತಿದ್ದಾನೆ. ಲಾರಿಯವ್ರನ್ನ ಕರೀರಿ, ಇಳಿಸೋಕೆ ಶುರು ಮಾಡ್ಲಿ.”

“ಮಾವ, ಅತ್ತೆ ಕೂರೋದು ಅಲ್ಲಿ,” ಎಂದಳು ಎಂಜಿನಿಯರ್. ಈಗ ಅವಳ ದನಿಯಲ್ಲಿ ಲೆಕ್ಕ ಇರಲಿಲ್ಲ.

“ಅವಳು ಏನೂ ಅಂದಿಲ್ಲವಲ್ಲ.”

ಅತ್ತೆ ಮೇಜಿನ ಹತ್ತಿರ ಬಂದಳು. ಹೊಲಿದಿಟ್ಟಿದ್ದ ಪುಸ್ತಕಗಳನ್ನು ಮೇಜಿನಿಂದ ಒಂದೊಂದಾಗಿ ಎತ್ತಿ ಬಾಗಿಲ ಬಳಿ ಇಟ್ಟಳು. ಸೂಜಿ ಡಬ್ಬಿ ಎತ್ತಿಟ್ಟಳು. ಕನ್ನಡಕವನ್ನೂ. ಕತ್ತರಿಯನ್ನು ಮಾತ್ರ ಅದು ತೂಗುತ್ತಿದ್ದಲ್ಲೇ ಬಿಟ್ಟಳು. ಆಮೇಲೆ ಒಳಗೆ ಹೋಗಿ ಒಂದು ಲೋಟ ಚಹಾ ತಂದು ಮೇಜಿನ ಮೇಲಿಟ್ಟು, ಬಟ್ಟೆಯಿಂದ ತನ್ನ ಸ್ಟೂಲು ಒರೆಸಿ ವೆಲ್ಡರನ ಕಡೆ ತಿರುಗಿದಳು.

“ಬೆಳಿಗ್ಗೆಯಿಂದ ನಿಂತೇ ಇದ್ದೀಯಪ್ಪ. ಕೂತ್ಕೊ. ಇವ್ರು ಸಾಮಾನು ಹೇರಿ ಮುಗಿಸೋವರೆಗೂ ಆರಾಮಾಗಿ ಕೂತ್ಕೊಂಡು ಚಾ ಕುಡಿ. ಬಿಸ್ಕತ್ತೂ ಕೊಡ್ತೀನಿ.”

ನೆಂಟರೆಲ್ಲ ವೆಲ್ಡರನನ್ನು ನೋಡಿದರು. ಬೈಂಡರನೂ ನೋಡಿದ. ವೆಲ್ಡರ್ ಚಹಾ ನೋಡಿದ, ಸ್ಟೂಲು ನೋಡಿದ, ದಾರದ ಜಾಡು ಹಿಡಿದು ನಿಧಾನವಾಗಿ ಕಣ್ಣನ್ನು ಮೇಲಕ್ಕೆ ಒಯ್ದು ತಾನೇ ಹಾಕಿದ ಬೆಸುಗೆಗಳನ್ನು ಒಂದೊಂದಾಗಿ ನೋಡಿದ.

“ಚಾ ಆರುತ್ತೆ,” ಎಂದ ಗೂಡ್ಸ್.

“ಕೂರಲ್ಲ ಅಕ್ಕ,” ಎಂದ ವೆಲ್ಡರ್.