ನಲವತ್ತಾರು, ನಲವತ್ತೊಂಬತ್ತು

ಸತ್ತವರನ್ನೂ ಬರದಿಟ್ರು ನೋಡ್ರಿ ಗ್ರೀಕ್ ವೈದ್ಯರು, ಅದ ಅವರ ದೊಡ್ಡಸ್ತಿಕಿ, ಎಂದರು ಡಾಕ್ಟರ್ ಚಂದ್ರಮೋಹನ ಮೈಕಿಗೆ ಬಾಯಿ ಹಚ್ಚಿ, ಪರದೇಶದ ಮೆಡೋವೇಲಿನ ಆ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತ ಚನ್ನವೀರಪ್ಪನ ಮೂಗಿಗೆ ದನಿಯ ಬೆನ್ನಿಗೇ ಫಿನಾಯಿಲಿನ ವಾಸನೆ ಬಂತು, ಮೂವತ್ತೆರಡು ವರ್ಷದ ಹಿಂದಿನದು, ಹುಬ್ಬಳ್ಳಿಯ ದವಾಖಾನೆಯದು — ಇದೇ ದನಿ ಆಗ ತನಗೆ, ಏ ಕಂಪೌಂಡರ್, ಮುಂದಿನವರನ್ನ ಕಳಸೋ, ಅನ್ನುತ್ತಿತ್ತು, ತಲೆ ಎತ್ತದೆ. ಈಗ ಹೆಗಲ ಮೇಲೆ ಕನ್ನಡ ಸಂಘದ ಶಾಲು, ದೊಡ್ಡಸ್ತಿಕಿಯಂತೆ, ಆ ಮಾತು ಆ ಬಾಯಲ್ಲಿ ಸುಡಬಾರದೆ? ಮೊದಲ ಆ ಗ್ರೀಕರೂ ರೋಗಿಗಳನ್ನ ಗುಡ್ಯಾಗ ಮಲಗಸ್ತಿದ್ರು, ಕನಸಿನ್ಯಾಗ ದೇವರು ಬಂದು ಔಷಧ ಹೇಳ್ತಾನಂತ, ಆಮ್ಯಾಲೆ ಕೆಲವರು ಅಂದ್ರು, ರೋಗ ದೇವರ ಸಿಟ್ಟಲ್ಲ, ಹಾಸಿಗಿ ಬಾಜೂಕ ಕೂಡ್ರಿ, ಹೊಟ್ಟಿ ಮುಟ್ಟಿ ನೋಡ್ರಿ, ದಿನಾ ಬರೀರಿ — ಹೊಟ್ಟೆ ಮುಟ್ಟಿ! ಶಾರದವ್ವನ ಹೊಟ್ಟೆ ಮುಟ್ಟಿದ್ದೆಯೇನಯ್ಯಾ ನೀನು? ದವಾಖಾನೆಯ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ ಮಾರುತ್ತಿದ್ದವಳು, ತಮ್ಮಾ, ಉಂಡೇನೋ, ಎಂದು ಕೇಳದೆ ಒಂದು ದಿನವೂ ಬುಟ್ಟಿ ಎತ್ತಿದವಳಲ್ಲ, ಮೊದಲ ದಿನ ಜ್ವರ, ಮೂರನೆಯ ದಿನ ಹೊಟ್ಟೆನೋವು, ವಾಯು ಆಗೇದ, ಸೋಡಾ ಕುಡಸು, ಎಂದಿತ್ತು ಇದೇ ದನಿ ಕುರ್ಚಿ ಬಿಟ್ಟೇಳದೆ, ಐದನೆಯ ದಿನ ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಆರನೆಯ ದಿನ — ಬರೆದವನು ತಾನೇ, ರಜಿಸ್ಟರಿನಲ್ಲಿ ದಿನಕ್ಕೊಂದು ಸಾಲು, ಏಳನೆಯ ದಿನ ಡಾಕ್ಟರು ಮೇಜಿನ ಮೇಲೆ ಬ್ಲೇಡು ಇಟ್ಟರು, ಆ ಹಾಳಿ ತಗದ್ಬಿಡಪಾ.

ತೆಗೆದ. ಹೊಲಿಗೆಗೆ ತಾಗಿಸಿ ಕೊಯ್ದರೆ ಕಾಗದ ಸದ್ದು ಮಾಡುವುದಿಲ್ಲ, ಸಿರಿಂಜು ಕುದಿಸುವ ಸ್ಟೋವಿನಲ್ಲಿ ಅದು ಒಂದು ಉಸಿರಿಗೆ ಉರಿದುಹೋಗಿತ್ತು, ಇಲ್ಲಿಯ ಬೋಲ್ಟನ್ನಿನ ಗೋದಾಮಿನಲ್ಲಿ ಈಗ ದಿನಕ್ಕೆ ಮುನ್ನೂರು ರಟ್ಟಿನ ಡಬ್ಬಿ ಕೊಯ್ಯುತ್ತಾನೆ, ಪ್ರತಿ ಡಬ್ಬಿಗೂ ಅದೇ ಬ್ಲೇಡು, ಅದೇ ಹಾಳೆ ಕಣ್ಣಿಗೆ ಕಟ್ಟುತ್ತದೆ, ಮೂರು ವಾರದಿಂದ, ಈ ಉಪನ್ಯಾಸದ ಸುದ್ದಿ ಕೇಳಿದಾಗಿನಿಂದ, ಪ್ರಶ್ನೆಯೊಂದನ್ನು ಬಾಯಿಪಾಠ ಮಾಡಿದ್ದಾನೆ, ಎಲ್ಲರೆದುರಿಗೆ ಕೇಳುತ್ತೇನೆ, ಆ ಶಾಲು ಜಾರಬೇಕು — ಇದು ನಮ್ಮ ದವಾಖಾನಿ ರಜಿಸ್ಟರ್, ಎನ್ನುತ್ತಿದ್ದಾರೆ ಡಾಕ್ಟರು, ನಾವೂ ಗ್ರೀಕರಂಗ ಬರದಿಟ್ಟೇವಿ, ಮೊಮ್ಮಗಳು ಅಪೂರ್ವ ಫೋಟೋ ತಗದಾಳ, ಪುಸ್ತಕ ತಾನ ಎಲ್ಲಿ ತೆರಕೊಂತೋ ಅಲ್ಲೇ. ಪರದೆಯ ಮೇಲೆ ತನ್ನದೇ ಅಕ್ಷರ. ಎಡ ಪುಟ ನಲವತ್ತಾರು, ಬಲ ಪುಟ ನಲವತ್ತೊಂಬತ್ತು. ಅಲ್ಲೇ ತೆರೆದುಕೊಳ್ಳದೆ ಇನ್ನೆಲ್ಲಿ, ಹಾಳೆ ಕೊಯ್ದಲ್ಲಿ ಹೊಲಿಗೆ ಸಡಿಲವಾಗುತ್ತದೆ, ಪುಸ್ತಕ ಅಲ್ಲಿಯೇ ಬಾಯಿ ಬಿಡುತ್ತದೆ.

ಯಾರರೆ ಏನರೆ ಕೇಳೋರದೀರೇನ್ರಿ, ಎಂದ ಸಂಘದ ಭರತೇಶ, ಚನ್ನವೀರಪ್ಪನ ಕೈ ಆಗಲೇ ಮೇಲಿತ್ತು, ಮೈಕು ಬಂತು, ಡಾಕ್ಟರು ಕನ್ನಡಕ ಏರಿಸಿ ನೋಡಿದರು, ಅರೆ, ಚನ್ನವೀರ! ಇಂವಾ ನಮ್ಮ ಕಂಪೌಂಡರ್ರೀ, ಈ ಅಕ್ಷರ ಇವಂದ, ಮುತ್ತು ಪೋಣಿಸಿದಂಗ! — ಚಪ್ಪಾಳೆ, ಕೆನ್ನೆಗೆ ಬಿದ್ದಂತೆ, ಬಾಯಿಪಾಠವೆಲ್ಲ ಹಾರಿಹೋಯಿತು. ಸರ್, ನಲವತ್ತಾರು ಆದಮ್ಯಾಲೆ ನಲವತ್ತೊಂಬತ್ತು ಹೆಂಗ್ ಬಂತ್ರಿ? ನಂಬರ್ ಹಾಕಿದಾಂವ ನೀನ, ನನ್ನ ಕೇಳ್ತೀಯಲೋ, ಎಂದರು ಡಾಕ್ಟರು, ಸಭೆಯೆಲ್ಲ ನಕ್ಕಿತು, ನಗಲಿ, ಹಲ್ಲು ಉದುರುವಷ್ಟು ನಗಲಿ. ನಂಬರ್ ತಪ್ಪಿಲ್ರಿ. ನೀವು ಬ್ಲೇಡ್ ಕೊಟ್ರಿ, ನಾ ಕೊಯ್ದೆ. ಶಾರದವ್ವ, ರೊಟ್ಟಿ ಮಾರಾಕಿ, ಆರನೇ ದಿನ ಸತ್ಳು. ನಾ ಕೊಯ್ದೆ — ತನ್ನ ದನಿಯೇ ಸ್ಪೀಕರಿನಿಂದ ತನ್ನ ಮೇಲೆ ತಿರುಗಿ ಬಂತು, ಶಾಲು ಜಾರಲಿಲ್ಲ, ಅಂಕಲ್, ಪ್ಲೀಸ್, ಟೈಮ್ ಆತು, ಚಾ ಆರ್ತದ, ಭರತೇಶ ಮೈಕು ಕಿತ್ತುಕೊಂಡ. ನೆಕ್ಸ್ಟ್ ಸ್ಲೈಡ್ ಹಾಕವಾ, ಎಂದರು ಡಾಕ್ಟರು, ತಲೆ ಎತ್ತದೆ. ವೇಟ್, ಅಜ್ಜಾ, ಎಂದಳು ಲ್ಯಾಪ್‌ಟಾಪಿನ ಮುಂದಿದ್ದ ಹುಡುಗಿ.

ಅವಳ ಎರಡು ಬೆರಳು ಅಗಲವಾದವು, ಚಿತ್ರ ಹಿಗ್ಗಿತು, ನಲವತ್ತಾರು ಎಡಕ್ಕೆ ಸರಿದು ಪರದೆಯಾಚೆ ಹೋಯಿತು, ನಲವತ್ತೊಂಬತ್ತು ಬಲಕ್ಕೆ, ಉಳಿದದ್ದು ನಡುವಿನ ಹೊಲಿಗೆ, ಹೊಲಿಗೆಯ ಪಕ್ಕದಲ್ಲಿ ಕೊಯ್ದು ಉಳಿದ ಕೂದಲೆಳೆಯಷ್ಟು ಕಾಗದ, ಮೇಲಿನಿಂದ ಕೆಳಗಿನವರೆಗೆ, ಎಲ್ಲೂ ಅಲುಗದ ಕೈ, ಎಷ್ಟು ನೆಟ್ಟಗೆ, ಎಷ್ಟು ನೆಟ್ಟಗೆ ಕೊಯ್ದಿದ್ದ —